‘ಇದಾದ ಮೇಲೆ ಏನು ಓದಲಿ?’ ಎಂಬ ಪ್ರಶ್ನೆಗೆ ಪುರವಣಿಯಲ್ಲಿ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಕಳೆದ ಆಷಾಢದ ಒಂದು ಭಾನುವಾರ ನಮ್ಮ ಓದುಗರ ಗುಂಪಿಗೆ ಬಿ.ಕಾಂ. ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಬಂದಳು. ಅವಳ ಕೈಯಲ್ಲಿ ನೋಟ್ ಪುಸ್ತಕದಿಂದ ಹರಿದ ಒಂದು ಹಾಳೆಯಿತ್ತು. ಅದರ ಮೇಲೆ ‘ಓದಲೇಬೇಕಾದ ಕಾದಂಬರಿಗಳು’ ಎಂಬ ತಲೆಬರಹ, ಕೆಳಗೆ ಹತ್ತು ಹೆಸರುಗಳು. ಮೊದಲನೆಯದು ‘ಮಲೆಗಳಲ್ಲಿ ಮದುಮಗಳು’. ಅದನ್ನು ಗ್ರಂಥಾಲಯದಿಂದ ತಂದು, ನಲವತ್ತು ಪುಟ ಓದಿ, ಯಾರು ಯಾವ ಮನೆಯವರು, ಯಾರು ಯಾರ ಆಳು ಎಂಬುದೇ ತಿಳಿಯದೆ ಕಂಗಾಲಾಗಿ ವಾಪಸು ಕೊಟ್ಟಿದ್ದಳು. ಉಳಿದ ಒಂಬತ್ತನ್ನು ಮುಟ್ಟುವ ಧೈರ್ಯ ಬಂದಿರಲಿಲ್ಲ. ‘ಕಾದಂಬರಿ ಓದೋದು ನನ್ನ ಕೈಲಾಗಲ್ಲ ಅನ್ಸುತ್ತೆ ಸಾರ್’ ಎಂದು ಅವಳು ತಗ್ಗಿದ ದನಿಯಲ್ಲಿ ಹೇಳಿದ್ದು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ತಪ್ಪು ಅವಳದಲ್ಲ, ಕುವೆಂಪು ಅವರದಂತೂ ಮೊದಲೇ ಅಲ್ಲ. ಆ ಪಟ್ಟಿ ಬರೆದುಕೊಟ್ಟವರು ಪುಸ್ತಕಗಳ ಹಿರಿಮೆಯನ್ನು ನೆನೆದು ಬರೆದರೇ ಹೊರತು, ಎದುರಿಗೆ ನಿಂತಿದ್ದ ಹುಡುಗಿ ಇದುವರೆಗೆ ಏನು ಓದಿದ್ದಾಳೆ, ಏನು ಅವಳಿಗೆ ಹಿಡಿಸೀತು ಎಂದು ಒಂದು ಮಾತು ಕೇಳಲಿಲ್ಲ.

ಈ ಪತ್ರ ಬರೆಯುತ್ತಿರುವುದು ಒಂದು ಬೇಡಿಕೆಗಾಗಿ. ತಮ್ಮ ಭಾನುವಾರದ ಪುರವಣಿಯಲ್ಲಿ ಹೊಸ ಪುಸ್ತಕಗಳ ವಿಮರ್ಶೆ ಬರುತ್ತದೆ, ಬಿಡುಗಡೆಯ ಸುದ್ದಿ ಬರುತ್ತದೆ, ಲೇಖಕರ ಸಂದರ್ಶನ ಬರುತ್ತದೆ, ಇವೆಲ್ಲ ಬೇಕಾದವೇ. ಆದರೆ ಒಬ್ಬ ಸಾಮಾನ್ಯ ಓದುಗ ತಾನು ಓದಿದ ಕಾದಂಬರಿ, ಅದು ನಲವತ್ತು ವರ್ಷ ಹಳೆಯದಾಗಿದ್ದರೂ ಸರಿ, ತನಗೆ ಏನು ಮಾಡಿತು ಎಂದು ಹೇಳಿಕೊಳ್ಳುವುದಕ್ಕೂ, ಮತ್ತೊಬ್ಬ ಓದುಗ ‘ಹಾಗಾದರೆ ಇದಾದ ಮೇಲೆ ಇದನ್ನು ಓದಿ’ ಎಂದು ತಿಳಿಸುವುದಕ್ಕೂ ವಾರಕ್ಕೆ ಅರ್ಧ ಅಂಕಣದ ಜಾಗ ಬೇಕು ಎಂಬುದು ನನ್ನ ವಿನಂತಿ. ಏಕೆ ಬೇಕು ಎಂಬುದನ್ನು ನಾನು ಕಂಡದ್ದರಿಂದಲೇ ವಿವರಿಸುತ್ತೇನೆ.

ನಾನು ಮೂವತ್ತಾರು ವರ್ಷ ಅಂಚೆ ಇಲಾಖೆಯಲ್ಲಿ ದುಡಿದವನು. ಅದರಲ್ಲಿ ಮೊದಲ ಹದಿನಾಲ್ಕು ವರ್ಷ ತಿಪಟೂರಿನ ಬೀದಿಗಳಲ್ಲಿಯೂ ಸುತ್ತಲ ಹಳ್ಳಿಗಳಲ್ಲಿಯೂ ಸೈಕಲ್ ಮೇಲೆ ಟಪಾಲು ಹಂಚಿದೆ. ಯಾವ ಮನೆಗೆ ಯಾವ ಪತ್ರಿಕೆ ಬರುತ್ತದೆ, ಯಾರಿಗೆ ತಿಂಗಳಿಗೊಮ್ಮೆ, ಹಣ ಕೊಟ್ಟು ಬಿಡಿಸಿಕೊಳ್ಳುವ ವಿ.ಪಿ.ಪಿ.ಯಲ್ಲಿ ಪುಸ್ತಕದ ಕಟ್ಟು ಬರುತ್ತದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಹುಬ್ಬಳ್ಳಿಯಿಂದ ‘ಕಸ್ತೂರಿ’ ಮಾಸಪತ್ರಿಕೆ ಬರುವ ದಿನ ಒಂದು ಮನೆಯ ಯಜಮಾನರು ಗೇಟಿನ ಬಳಿಯೇ ಕಾದಿರುತ್ತಿದ್ದರು. ಅದರ ಕೊನೆಯಲ್ಲಿ ಬರುತ್ತಿದ್ದ ಪುಸ್ತಕ ವಿಭಾಗವನ್ನು ಅವರು ಅಲ್ಲೇ ನಿಂತು ತೆರೆದು ಹೆಸರು ನೋಡಿಕೊಂಡ ಮೇಲೆಯೇ ಒಳಗೆ ಹೋಗುವುದು. ವಾರಪತ್ರಿಕೆಗಳ ಧಾರಾವಾಹಿಗಳ ಮಾತಂತೂ ಬೇರೆಯೇ. ಒಂದು ವಠಾರದಲ್ಲಿ ಮೂರು ಮನೆಗಳಿಗೆ ಸೇರಿ ಒಂದೇ ಪ್ರತಿ. ಯಾರು ಮೊದಲು ಓದಬೇಕು ಎಂಬುದಕ್ಕೆ ಅವರಲ್ಲಿಯೇ ಸರದಿ ಇತ್ತು. ವರ್ಷ ಮುಗಿದ ಮೇಲೆ ಧಾರಾವಾಹಿಯ ಹಾಳೆಗಳನ್ನಷ್ಟೇ ಬಿಡಿಸಿ, ದಬ್ಬಳದಿಂದ ತೂತು ಹಾಕಿ, ದಾರದಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ರಟ್ಟಾಗಿ ಅಂಟಿಸಿ ಇಟ್ಟುಕೊಳ್ಳುತ್ತಿದ್ದರು. ಹಾಗೆ ಹೊಲಿದ ಕಾದಂಬರಿಯೊಂದು ನಮ್ಮ ಮನೆಯಲ್ಲಿ ಇವತ್ತಿಗೂ ಇದೆ. ನನ್ನ ತಾಯಿ ಹೊಲಿದದ್ದು. ನಡುವೆ ಎರಡು ಕಂತುಗಳಿಲ್ಲ, ಆ ವಾರ ಪಕ್ಕದ ಮನೆಯವರು ಪತ್ರಿಕೆ ಹಿಂದಕ್ಕೆ ಕೊಡದಿದ್ದರಿಂದ.

ಆ ಕಾಲದಲ್ಲಿ ಮುಂದೆ ಏನು ಓದಬೇಕು ಎಂಬುದು ಯಾರಿಗೂ ಚಿಂತೆಯಾಗಿರಲಿಲ್ಲ. ಬಾವಿಕಟ್ಟೆಯ ಬಳಿ, ಬಸ್ಸಿಗೆ ಕಾಯುವಾಗ, ಮದುವೆ ಮನೆಯಲ್ಲಿ ತರಕಾರಿ ಹೆಚ್ಚುವಾಗ ಮಾತು ಬರುತ್ತಿತ್ತು. ಕಾದಂಬರಿಕಾರ್ತಿ ತ್ರಿವೇಣಿಯವರ ಒಂದು ಪುಸ್ತಕ ಮುಗಿಸಿದವರಿಗೆ ಇನ್ನೊಂದನ್ನು ಹೇಳುವವರು ಪಕ್ಕದಲ್ಲೇ ಇದ್ದರು. ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಯ ಯಜಮಾನರು ಗಿರಾಕಿಯ ಮುಖ ನೋಡಿಯೇ ಕಪಾಟಿನಿಂದ ಪುಸ್ತಕ ತೆಗೆಯುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ನನಗೆ ನೆನಪಿರುವುದು ಆ ಬಾಡಿಗೆ ಪುಸ್ತಕಗಳ ಕೊನೆಯ ಖಾಲಿ ಪುಟ. ಅಲ್ಲಿ ಪೆನ್ಸಿಲಿನಲ್ಲಿ, ಬೇರೆ ಬೇರೆ ಕೈಬರಹಗಳಲ್ಲಿ ಹಿಂದಿನ ಓದುಗರು ಒಂದೊಂದು ಸಾಲು ಬರೆದಿರುತ್ತಿದ್ದರು: ‘ಚೆನ್ನಾಗಿದೆ, ಆದರೆ ಕೊನೆ ಅವಸರವಾಯಿತು’, ‘ರಾತ್ರಿ ಒಬ್ಬರೇ ಓದಬೇಡಿ’, ‘ಇಂಥ ಅತ್ತೆ ನಮ್ಮಲ್ಲೂ ಇದ್ದಾರೆ’. ಒಂದರ ಕೆಳಗೆ ಮತ್ತೊಬ್ಬರು, ‘ಕೊನೆ ಅವಸರವಲ್ಲ, ಇನ್ನೊಮ್ಮೆ ಓದಿ ನೋಡಿ’ ಎಂದು ಉತ್ತರವನ್ನೂ ಬರೆದಿದ್ದರು. ಗ್ರಂಥಾಲಯದ ಪುಸ್ತಕದಲ್ಲಿ ಗೀಚುವುದು ತಪ್ಪು ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು, ಅದು ತಪ್ಪೇ. ಆದರೆ ಹೆಸರಿಲ್ಲದ ಆ ನಾಲ್ಕೈದು ಸಾಲುಗಳು ನನ್ನನ್ನು ಓದಿಗೆ ಹಚ್ಚಿದಷ್ಟು ಯಾವ ಮುನ್ನುಡಿಯೂ ಹಚ್ಚಲಿಲ್ಲ.

ಟೆಲಿವಿಷನ್ ಬಂತು, ವಠಾರಗಳು ಹೋದವು, ಬಾಡಿಗೆ ಪುಸ್ತಕದಂಗಡಿಗಳು ಮುಚ್ಚಿದವು; ಅದನ್ನು ಹಲುಬುತ್ತ ಕೂರುವುದು ನನ್ನ ಉದ್ದೇಶವಲ್ಲ. ಪುಸ್ತಕಗಳು ಹಿಂದಿಗಿಂತ ಹೆಚ್ಚಾಗಿಯೇ ಕೈಗೆ ಸಿಗುತ್ತಿವೆ. ಇಲ್ಲದಿರುವುದು ಆ ಪೆನ್ಸಿಲ್ ಸಾಲುಗಳು.

ಏಳು ವರ್ಷದ ಹಿಂದೆ ನಾವು ಐವರು ಸೇರಿ ಗುಂಪು ಕಟ್ಟಿದಾಗ ಮೊದಲು ಮಾಡಿದ ಕೆಲಸ ಇದೇ. ನಮ್ಮ ನಮ್ಮ ಸ್ವಂತ ಪುಸ್ತಕಗಳ ಹಿಂಬದಿಯ ರಟ್ಟಿಗೆ ಒಂದೊಂದು ಗೆರೆ ಹಾಕಿದ ಬಿಳಿ ಹಾಳೆಯನ್ನು ಅಂಟಿಸಿದೆವು. ಓದಿದವರು ಆ ಹಾಳೆಯಲ್ಲಿ ಬರೆಯಲೇಬೇಕು. ‘ಅದ್ಭುತ’, ‘ಮೇರುಕೃತಿ’ ಎಂಬ ಮಾತುಗಳಿಗೆ ಅಲ್ಲಿ ಜಾಗವಿಲ್ಲ. ಯಾವ ಸನ್ನಿವೇಶ ಮನಸ್ಸಿನಲ್ಲಿ ಉಳಿಯಿತು, ಎಲ್ಲಿ ಬೇಸರವಾಯಿತು, ಯಾರಿಗೆ ಈ ಪುಸ್ತಕ ಕೊಡಬಹುದು, ಯಾರಿಗೆ ಈಗಲೇ ಕೊಡಬಾರದು ಎಂಬುದನ್ನಷ್ಟೇ ಬರೆಯಬೇಕು; ಕಥೆಯ ಕೊನೆಯನ್ನು ಮಾತ್ರ ಹೇಳಕೂಡದು. ಈಗ ನಾವು ಹದಿನಾಲ್ಕು ಮಂದಿ ಇದ್ದೇವೆ. ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ ಸದಸ್ಯರೊಬ್ಬರ ಮನೆಯ ಪಡಸಾಲೆಯಲ್ಲಿ ಸೇರುತ್ತೇವೆ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು, ಇಬ್ಬರು ಶಿಕ್ಷಕಿಯರು, ಒಬ್ಬ ಟೈಲರ್, ಪಂಪ್‌ಸೆಟ್ ರಿಪೇರಿ ಮಾಡುವವರು, ಎಪ್ಪತ್ತೆಂಟು ವರ್ಷದ ಒಬ್ಬ ಅಜ್ಜಿ, ನಾಲ್ವರು ವಿದ್ಯಾರ್ಥಿಗಳು, ಹೀಗೆ.

2025ರ ಸೆಪ್ಟೆಂಬರಿನಲ್ಲಿ ಎಸ್.ಎಲ್. ಭೈರಪ್ಪನವರು ತೀರಿಕೊಂಡಾಗ, ಅವರ ‘ಗೃಹಭಂಗ’ವನ್ನು ಎಲ್ಲರೂ ಮತ್ತೊಮ್ಮೆ ಓದೋಣ ಎಂದು ತೀರ್ಮಾನಿಸಿದೆವು. 1970ರಲ್ಲಿ ಬಂದ ಆ ಕಾದಂಬರಿಯ ನೆಲ ನಮ್ಮದೇ. ಅವರು ಹುಟ್ಟಿದ ಸಂತೇಶಿವರ ಇಲ್ಲಿಗೆ ದೂರವೇನಲ್ಲ. ಕಾದಂಬರಿಯ ಜನ ಸಾಮಾನು ಕೊಳ್ಳಲು, ಮಾರಲು ಬರುವುದು ನಮ್ಮ ತಿಪಟೂರಿಗೇ. ಆ ಭಾನುವಾರದ ಚರ್ಚೆಯಲ್ಲಿ ವಿದ್ಯಾರ್ಥಿಯೊಬ್ಬ, ಕಥಾನಾಯಕಿ ನಂಜಮ್ಮ ಮುತ್ತುಗದ ಎಲೆ ಹಚ್ಚಿ ನಾಲ್ಕು ಕಾಸು ಸಂಪಾದಿಸುವ ಪ್ರಸಂಗ ತನಗೆ ಸರಿಯಾಗಿ ಅರ್ಥವಾಗಲಿಲ್ಲ, ಎಲೆ ಹಚ್ಚುವುದರಿಂದ ಸಂಸಾರ ನಡೆಯುವುದು ಹೇಗೆ ಎಂದು ಕೇಳಿದ. ನಮ್ಮ ಅಜ್ಜಿ ಎದ್ದು ಹೋಗಿ, ಹಿತ್ತಲಿನಲ್ಲಿದ್ದ ಬಾದಾಮಿ ಗಿಡದ ಐದಾರು ಎಲೆಗಳನ್ನು ಕಿತ್ತು ತಂದರು. ಮುತ್ತುಗ ಸಿಗದಿದ್ದರೆ ಇದು ಎನ್ನುತ್ತ, ತೆಂಗಿನ ಗರಿಯಿಂದ ಸೀಳಿದ ಕಡ್ಡಿಯನ್ನು ತುಂಡು ತುಂಡಾಗಿ ಮುರಿದುಕೊಂಡು, ಒಂದೆಲೆಯ ಅಂಚಿನ ಮೇಲೆ ಇನ್ನೊಂದರ ಅಂಚನ್ನು ಕೂರಿಸಿ, ಚುಚ್ಚಿ, ಮುರಿದು, ತಿರುಗಿಸಿ, ನಾವು ನೋಡುತ್ತಿದ್ದಂತೆಯೇ ಊಟದೆಲೆಯೊಂದನ್ನು ಹಚ್ಚಿ ಮುಗಿಸಿದರು. ಆಮೇಲೆ ಹೇಳಿದರು: ‘ನಮ್ಮಮ್ಮ ದಿನಕ್ಕೆ ಇಂಥವು ನೂರು ಹಚ್ಚೋಳು ಕಣಪ್ಪ. ಬೆರಳ ತುದಿ ಮರಗಟ್ಟಿ ಹೋಗಿತ್ತು. ನಂಜಮ್ಮನ ಕೈ ಹೆಂಗಿತ್ತು ಅಂತ ಪುಸ್ತಕದಲ್ಲಿ ಬರೆಯದಿದ್ರೂ ನಂಗೆ ಗೊತ್ತು.’ ಪ್ಲೇಗು ಬಂದಾಗ ಇಲಿ ಬಿದ್ದ ಸುದ್ದಿ ತಿಳಿದ ಕೂಡಲೇ ಊರಿಗೆ ಊರೇ ಹೊರಗೆ ಷೆಡ್ಡು ಹಾಕಿಕೊಂಡು ಇರುತ್ತಿದ್ದುದನ್ನು ಅವರು ತಮ್ಮ ತಾಯಿಯ ಬಾಯಿಂದ ಕೇಳಿದ್ದರು, ಅದನ್ನೂ ಹೇಳಿದರು. ಹುಡುಗ ಮನೆಗೆ ಹೋಗಿ ಆ ಅಧ್ಯಾಯಗಳನ್ನು ಮತ್ತೆ ಓದಿದ. ಹಿಂಬದಿಯ ಹಾಳೆಯಲ್ಲಿ ಅವನು ಬರೆದ ಸಾಲು ಹೀಗಿದೆ: ‘ಎರಡನೆಯ ಸಲ ಓದುವಾಗ ನನ್ನ ಕಣ್ಣು ನಂಜಮ್ಮನ ಕೈಗಳ ಮೇಲೆಯೇ ಇತ್ತು.’ ಇಂಥ ಒಂದು ಸಾಲಿಗಾಗಿ ನಾನು ತಮ್ಮಲ್ಲಿ ಜಾಗ ಕೇಳುತ್ತಿದ್ದೇನೆ.

‘ಗೃಹಭಂಗ’ದ ನಂತರ ಏನು ಎಂಬುದರ ಮೇಲೆ ನಮ್ಮಲ್ಲಿ ಬಿಸಿಯಾದ ಚರ್ಚೆಯೇ ನಡೆಯಿತು. ಶಿಕ್ಷಕಿಯರಲ್ಲೊಬ್ಬರು ‘ಫಣಿಯಮ್ಮ’ ಎಂದರು. ನಿಜವಾಗಿ ಬಾಳಿ ಹೋದ ಹೆಂಗಸೊಬ್ಬರ ಬದುಕಿನ ಮೇಲೆ ನಿಂತ, 1976ರ ಆ ಪುಟ್ಟ ಕಾದಂಬರಿಯಲ್ಲಿ ಎಂ.ಕೆ. ಇಂದಿರಾ ಅವರು ಬಾಲವಿಧವೆಯೊಬ್ಬಳ ದೀರ್ಘ ಆಯುಷ್ಯವನ್ನು ಎಲ್ಲಿಯೂ ದನಿಯೇರಿಸದೆ ಹೇಳುತ್ತಾರೆ. ನಂಜಮ್ಮನನ್ನು ಕಂಡವರು ಫಣಿಯಮ್ಮನನ್ನು ಕಾಣಲೇಬೇಕು ಎಂಬುದು ಅವರ ವಾದ. ಪಂಪ್‌ಸೆಟ್ ರಿಪೇರಿಯವರು ಒಪ್ಪಲಿಲ್ಲ. ಒಂದು ದುಃಖದ ಮೇಲೆ ಇನ್ನೊಂದು ದುಃಖವನ್ನು ಪೇರಿಸಿದರೆ ಎರಡೂ ಮಸುಕಾಗುತ್ತವೆ, ನಡುವೆ ಒಂದು ತಿಂಗಳಾದರೂ ನಗಿಸುವ ಪುಸ್ತಕ ಬೇಕು ಎಂದರು. ನನಗೆ ಅವರ ಮಾತೇ ಸರಿ ಎನಿಸಿತು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಓದಿ, ಆಮೇಲೆ ‘ಫಣಿಯಮ್ಮ’ಕ್ಕೆ ಹೋದೆವು. ಊರಿನ ಜಗಳ, ಕೇಡು, ಹಾಳಾಗುತ್ತಿರುವ ಮನೆತನಗಳು ಇವೇ ಬೇಕು ಎನ್ನುವವರಿಗೆ ರಾವಬಹಾದ್ದೂರರ ‘ಗ್ರಾಮಾಯಣ’ವನ್ನು ಹೇಳಿದೆವು, ಉತ್ತರ ಕರ್ನಾಟಕದ ಮಾತಿಗೆ ಕಿವಿ ಹೊಂದಿಕೊಳ್ಳಲು ನಮ್ಮ ಕಡೆಯವರಿಗೆ ಇಪ್ಪತ್ತು ಪುಟ ಬೇಕು, ಆಮೇಲೆ ಬಿಡುವುದಕ್ಕಾಗುವುದಿಲ್ಲ.

‘ಕರ್ವಾಲೊ’ ಓದಿದವರು ಸಾಮಾನ್ಯವಾಗಿ ತೇಜಸ್ವಿಯವರದೇ ಇನ್ನೊಂದು ಬೇಕೆಂದು ಕೇಳುತ್ತಾರೆ. ‘ಚಿದಂಬರ ರಹಸ್ಯ’, ‘ಜುಗಾರಿ ಕ್ರಾಸ್’ ಇದ್ದೇ ಇವೆ. ಆದರೆ ನಾನು ಕೊಡುವುದು ಶಿವರಾಮ ಕಾರಂತರ ‘ಬೆಟ್ಟದ ಜೀವ’. ಇದಕ್ಕೆ ನನ್ನ ಕಾರಣವಿದೆ. ‘ಕರ್ವಾಲೊ’ದಲ್ಲಿ ಹುಡುಗರಿಗೆ ಹಿಡಿಸುವುದು ಹಾರುವ ಓತಿಯ ಹುಡುಕಾಟವೊಂದೇ ಅಲ್ಲ, ಶಾಲೆಯ ಲೆಕ್ಕದಲ್ಲಿ ದಡ್ಡನಾದ ಮಂದಣ್ಣನಿಗೆ ಕಾಡು ಗೊತ್ತು, ದೊಡ್ಡ ವಿಜ್ಞಾನಿ ಅವನನ್ನು ಸಮಾನನಾಗಿ ಕಾಣುತ್ತಾರೆ ಎಂಬುದು ಅವರನ್ನು ಒಳಗಿನಿಂದ ಹಿಡಿಯುತ್ತದೆ. ಕುಮಾರಪರ್ವತದ ತಪ್ಪಲಿನಲ್ಲಿ ಕಾಡು ಕಡಿದು ತೋಟ ಮಾಡಿದ ಮುದುಕ ಗೋಪಾಲಯ್ಯನವರ ಮನೆಗೆ, ದಾರಿ ತಪ್ಪಿದ ನಿರೂಪಕ ರಾತ್ರಿ ಹೊತ್ತಿನಲ್ಲಿ ಬಂದು ಸೇರುವಾಗ ಅದೇ ಬಗೆಯ ಆದರ ಇನ್ನೊಂದು ರೂಪದಲ್ಲಿ ಸಿಗುತ್ತದೆ. ಮನೆ ಬಿಟ್ಟು ಹೋದ ಮಗನ ಕೊರಗನ್ನು ಆ ವೃದ್ಧ ದಂಪತಿ ಬಂದ ಅತಿಥಿಯ ಉಪಚಾರದಲ್ಲಿ ಹೇಗೆ ಮುಚ್ಚಿಟ್ಟುಕೊಳ್ಳುತ್ತಾರೆ ಎಂಬುದನ್ನು ಹತ್ತೊಂಬತ್ತು ವರ್ಷದ ಹುಡುಗನೂ ಹಿಡಿಯುತ್ತಾನೆ. 1943ರ ಪುಸ್ತಕ ಹಳೆಯದಾಯಿತು ಎಂದು ನಮ್ಮಲ್ಲಿ ಇದುವರೆಗೆ ಯಾರೂ ಹೇಳಿಲ್ಲ. ಅದರ ಹಿಂಬದಿಯ ಹಾಳೆ ತುಂಬಿ, ಎರಡನೆಯ ಹಾಳೆ ಅಂಟಿಸಿದ್ದೇವೆ. ಊರು ಬಿಟ್ಟು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಸದಸ್ಯರ ಮಗನೊಬ್ಬ ರಜೆಗೆ ಬಂದಾಗ ಓದಿ, ‘ಅಪ್ಪನಿಗೆ ತೋರಿಸಬೇಡಿ’ ಎಂದಷ್ಟೇ ಬರೆದು ಹೋದ.

ಇನ್ನು ಬಿ.ಕಾಂ. ಹುಡುಗಿಯ ಮಾತು. ಅವಳ ಪಟ್ಟಿಯನ್ನು ಪಕ್ಕಕ್ಕಿಟ್ಟು, ಅವಳಿಗೆ ಯಾವ ಬಗೆಯ ಕಥೆ ಇಷ್ಟ ಎಂದು ನಮ್ಮ ಶಿಕ್ಷಕಿಯರು ಕೇಳಿದರು. ಹೆಣ್ಣುಮಕ್ಕಳ ಮೇಲೆ ಮನೆಯವರೇ ತೀರ್ಮಾನ ಹೇರುವುದನ್ನು ಕಂಡರೆ ತನಗೆ ಸಿಟ್ಟು ಬರುತ್ತದೆ ಎಂದಳು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕೊಟ್ಟೆವು. ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದು ಓದುಗರನ್ನು ಕಲಕಿದ ಆ ಕಾದಂಬರಿ ಬಹಳ ತೆಳುವಾದದ್ದು, ಕಾಸರಗೋಡು ಸೀಮೆಯ ನಾದಿರಾ ಎಂಬ ಹುಡುಗಿ ಮೊದಲು ತಂದೆಯ ಹಟಕ್ಕೆ, ಆಮೇಲೆ ಕಟ್ಟಳೆಗೆ ಸಿಕ್ಕಿಬೀಳುವ ಕಥೆ. ಅವಳು ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದಳು. ಮಾರನೆಯ ದಿನ ಸಂಜೆಯೇ ನಮ್ಮ ಮನೆ ಬಾಗಿಲಿಗೆ ಬಂದು, ಎರಡನೆಯ ಭಾನುವಾರದವರೆಗೆ ಕಾಯುವುದಕ್ಕೆ ಆಗಲಿಲ್ಲ ಎಂದು ಹೇಳಿ, ಅರ್ಧ ಗಂಟೆ ನಾದಿರಾಳ ತಂದೆಯನ್ನು ಬೈದಳು. ನಾನು ಅಡ್ಡ ಮಾತಾಡದೆ ಕೇಳಿಸಿಕೊಂಡೆ. ಕಾದಂಬರಿ ಓದುವುದು ತನ್ನ ಕೈಲಾಗುವುದಿಲ್ಲ ಎಂದಿದ್ದವಳು ಅವಳೇ.

ಅಲ್ಲಿಂದ ಅವಳು ‘ಫಣಿಯಮ್ಮ’ಕ್ಕೆ ಬಂದಳು, ಅಲ್ಲಿಂದ ತ್ರಿವೇಣಿಯವರಿಗೆ, ಆಮೇಲೆ ‘ಬೆಟ್ಟದ ಜೀವ’ಕ್ಕೆ. ಐದನೆಯ ತಿಂಗಳು ತಾನಾಗಿಯೇ ‘ಮದುಮಗಳು ಮತ್ತೆ ಕೊಡಿ’ ಎಂದಳು. ಈ ಸಲ ಅವಳನ್ನು ಒಬ್ಬಳನ್ನೇ ಬಿಡಲಿಲ್ಲ. ಮೈಸೂರಿನ ರಂಗಾಯಣ 2010ರಲ್ಲಿ ರಾತ್ರಿಯಿಡೀ ಆಡಿದ ಆ ಕಾದಂಬರಿಯ ನಾಟಕವನ್ನು ನೋಡಿ ಬಂದು, ಆಮೇಲೆ ಪುಸ್ತಕ ಹಿಡಿದ ಟೈಲರ್ ಅವರು ಅವಳಿಗೆ ಒಂದು ಉಪಾಯ ಹೇಳಿಕೊಟ್ಟರು. ಒಂದು ದೊಡ್ಡ ಹಾಳೆಯಲ್ಲಿ ಮನೆಗಳನ್ನು ಬರೆದುಕೊಳ್ಳಬೇಕು. ಒಬ್ಬೊಬ್ಬರು ಬಂದಂತೆ ಅವರವರ ಮನೆಯ ಕೆಳಗೆ ಹೆಸರು ಸೇರಿಸುತ್ತ ಹೋಗಬೇಕು. ಕಥಾನಾಯಕ ಯಾರು ಎಂದು ಹುಡುಕಬಾರದು, ಏಕೆಂದರೆ ಅಲ್ಲಿ ಮುಖ್ಯರು ಅಮುಖ್ಯರು ಎಂಬ ಭೇದವನ್ನೇ ಕುವೆಂಪು ಇಟ್ಟುಕೊಂಡಿಲ್ಲ. ಆರಂಭದಲ್ಲಿ ಗುತ್ತಿಯನ್ನೂ ಅವನ ನಾಯಿ ಹುಲಿಯನನ್ನೂ ಬಿಡದೆ ಹಿಂಬಾಲಿಸಿದರೆ ಸಾಕು, ದಾರಿಯನ್ನು ಅವರೇ ತೋರಿಸುತ್ತಾರೆ. ಟೇಪು, ಕತ್ತರಿ ಇಟ್ಟ ಮೇಜಿನ ಮೇಲೆಯೇ ಅವರು ತಮ್ಮ ಹಳೆಯ ಹಾಳೆಯನ್ನು ಬಿಡಿಸಿ ತೋರಿಸಿದರಂತೆ. ಬಟ್ಟೆಯ ಅಳತೆ ಬರೆಯುವ ನೀಲಿ ಸೀಮೆಸುಣ್ಣದಲ್ಲಿ ಬರೆದ ಮನೆಗಳ ಹೆಸರುಗಳು. ಹುಡುಗಿ ಈಗ ಅರ್ಧ ದಾಟಿದ್ದಾಳೆ. ಐತ, ಪೀಂಚಲು ಬರುವ ಪುಟಗಳನ್ನು ತನ್ನ ಅಮ್ಮನಿಗೆ ಅಡುಗೆಮನೆಯಲ್ಲಿ ಜೋರಾಗಿ ಓದಿ ಹೇಳುತ್ತಿದ್ದಾಳೆ. ಮೊದಲ ದಿನ ಅವಳ ಕೈಗೆ ಪಟ್ಟಿ ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಪುಸ್ತಕ ಸರಿಯಾಗಿತ್ತು, ಹೊತ್ತು ಸರಿಯಿರಲಿಲ್ಲ, ಜೊತೆಗೆ ಯಾರೂ ಇರಲಿಲ್ಲ.

ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯಲ್ಲಿಯೂ ಇದೇ ಅನುಭವವಾಯಿತು. ಕಣ್ಣಿನಲ್ಲಿ ಓದಿದಾಗ ನಂಜನಗೂಡು ಸೀಮೆಯ ಆ ಮಾತು ನಮ್ಮಲ್ಲಿ ಅನೇಕರಿಗೆ ತೊಡಕಾಯಿತು. ಆ ಕಡೆಯಿಂದ ಮದುವೆಯಾಗಿ ಬಂದ ಒಬ್ಬ ಗೃಹಿಣಿ ಗಟ್ಟಿಯಾಗಿ ಓದಿದಾಗ ಪದ್ಯ ಕೇಳಿದಂತಾಯಿತು. ಯಾವ ಪುಸ್ತಕವನ್ನು ಓದಬೇಕು ಎಂದು ಹೇಳಿದರಷ್ಟೇ ಸಾಲದು, ಹೇಗೆ ಓದಬೇಕು ಎಂದೂ ಓದುಗನೇ ಓದುಗನಿಗೆ ಹೇಳಬೇಕು ಎಂಬುದು ಅಂದು ನನಗೆ ಖಾತ್ರಿಯಾಯಿತು.

ಇತಿಹಾಸ ಬೇಕೆನ್ನುವವರಿಗೆ ನಾವು ತ.ರಾ.ಸು. ಅವರ ‘ದುರ್ಗಾಸ್ತಮಾನ’ ಮತ್ತು ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಎರಡನ್ನೂ ಒಟ್ಟಿಗೆ ಕೊಡುತ್ತೇವೆ. ಎರಡೂ ಒಂದೊಂದು ಸಂಸ್ಥಾನದ ಕೊನೆಯ ದೊರೆಯ ಕಥೆಗಳು; ಚಿತ್ರದುರ್ಗದ ಮದಕರಿನಾಯಕನ ಪತನ ಓದುವಾಗ ಕರುಳು ಕಿವುಚುತ್ತದೆ, 1834ರಲ್ಲಿ ಕೊಡಗು ಕೈಬಿಟ್ಟು ಹೋಗುವುದನ್ನು ಓದುವಾಗ ಒಬ್ಬ ಮನುಷ್ಯ ತನ್ನನ್ನು ತಾನೇ ಹೇಗೆ ಹಾಳುಮಾಡಿಕೊಳ್ಳುತ್ತಾನೆ ಎಂಬ ಭಯ ಹುಟ್ಟುತ್ತದೆ. ಒಂದನ್ನೇ ಓದಿದವರಿಗೆ ಅರ್ಧ ಮಾತ್ರ ದಕ್ಕಿದಂತೆ ಎಂದು ನನ್ನ ಅನಿಸಿಕೆ. ಹೊಸಬರಿಗೆ ವಸುಧೇಂದ್ರ ಅವರ ‘ತೇಜೋ-ತುಂಗಭದ್ರಾ’ ಒಳ್ಳೆಯ ಬಾಗಿಲು. ಕಚೇರಿಯ ಕಿರುಕುಳ ಉಂಡವರಿಗೆ ಯಶವಂತ ಚಿತ್ತಾಲರ ‘ಶಿಕಾರಿ’ಗಿಂತ ಹತ್ತಿರದ ಪುಸ್ತಕ ನನಗೆ ಗೊತ್ತಿಲ್ಲ. ಮುಂಬಯಿಯ ಕಂಪನಿಯೊಂದರ ಅಧಿಕಾರಿ ನಾಗಪ್ಪ, ತನ್ನ ಮೇಲಿನ ಆಪಾದನೆ ಏನು ಎಂಬುದೇ ಸ್ಪಷ್ಟವಾಗದೆ ಒದ್ದಾಡುವ ಆ ಪುಟಗಳನ್ನು ನಾನು ಸೇವೆಯಲ್ಲಿದ್ದಾಗ, ನನ್ನ ಮೇಲೆಯೇ ಒಂದು ಸುಳ್ಳು ದೂರಿನ ವಿಚಾರಣೆ ನಡೆಯುತ್ತಿದ್ದ ತಿಂಗಳುಗಳಲ್ಲಿ ಓದಿದೆ. ಆ ಪುಸ್ತಕ ನನಗೆ ಧೈರ್ಯ ಹೇಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಆದರೆ ರಾತ್ರಿ ಎಚ್ಚರವಾಗಿರುವವನು ನಾನೊಬ್ಬನೇ ಅಲ್ಲ ಎಂದು ತಿಳಿಯಿತು. ಆಗ ಅದನ್ನು ನನ್ನ ಕೈಗಿಟ್ಟವರು ನಮ್ಮ ಕಚೇರಿಯ ಸಾರ್ಟಿಂಗ್ ವಿಭಾಗದ ಹಿರಿಯರೊಬ್ಬರು. ‘ಇದನ್ನು ಓದಿ, ಆಮೇಲೆ ಮಾತಾಡೋಣ’ ಎಂದಷ್ಟೇ ಹೇಳಿದ್ದರು. ವಿಮರ್ಶೆ ಓದಿ ನಾನು ಆ ಪುಸ್ತಕದ ಬಳಿಗೆ ಹೋಗುತ್ತಿರಲಿಲ್ಲ.

ಓದುಗರ ಅಂಕಣದಲ್ಲಿ ‘ನನಗೆ ಹಿಡಿಸಲಿಲ್ಲ’ ಎನ್ನುವ ಪತ್ರಗಳಿಗೂ ಜಾಗವಿರಬೇಕು. ನಮ್ಮಲ್ಲಿ ಇದಕ್ಕೆ ಧೈರ್ಯ ಕಡಿಮೆ. ಪ್ರಶಸ್ತಿ ಬಂದ ಪುಸ್ತಕವನ್ನು ಅರ್ಧಕ್ಕೆ ಬಿಟ್ಟೆ ಎಂದು ಹೇಳಿದರೆ ತನ್ನನ್ನು ದಡ್ಡನೆಂದುಕೊಂಡಾರು ಎಂಬ ಅಂಜಿಕೆಯಿಂದ ಜನ ಸುಮ್ಮನಾಗುತ್ತಾರೆ, ಸುಮ್ಮನಾದವರು ಕ್ರಮೇಣ ಓದುವುದನ್ನೇ ಬಿಡುತ್ತಾರೆ. ಎಷ್ಟನೆಯ ಪುಟದಲ್ಲಿ ಬಿಟ್ಟೆ, ಏಕೆ ಬಿಟ್ಟೆ ಎಂದು ಪ್ರಾಮಾಣಿಕವಾಗಿ ಬರೆದರೆ, ಅದನ್ನು ಓದಿದ ಇನ್ನೊಬ್ಬರು ‘ಅಲ್ಲಿಂದ ಮೂವತ್ತು ಪುಟ ದಾಟಿ ನೋಡಿ’ ಎಂದಾರು, ಅಥವಾ ‘ನನಗೂ ಹಾಗೆಯೇ ಆಯಿತು, ಇದನ್ನು ಓದಿ’ ಎಂದಾರು. ಎರಡೂ ಲಾಭವೇ. ಇನ್ನೊಂದು ಮಾತನ್ನೂ ನೇರವಾಗಿ ಹೇಳಬೇಕು. ಕನ್ನಡದಲ್ಲಿ ಲೇಖಕರನ್ನು ಪಂಥ ನೋಡಿ ಓದುವ, ಪಂಥ ನೋಡಿ ಬಿಡುವ ಚಾಳಿ ಬಹಳ ವರ್ಷಗಳಿಂದ ನಮ್ಮನ್ನು ಬಡವರನ್ನಾಗಿ ಮಾಡಿದೆ. ಭೈರಪ್ಪನವರ ‘ವಂಶವೃಕ್ಷ’ವೂ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವೂ ಒಂದೇ ವರ್ಷ, 1965ರಲ್ಲಿ ಬಂದ ಕಾದಂಬರಿಗಳು. ನಮ್ಮ ಗುಂಪಿನಲ್ಲಿ ಒಂದನ್ನು ಓದಿದವರು ಮತ್ತೊಂದನ್ನೂ ಓದಬೇಕೆಂಬ ನಿಯಮವಿದೆ. ಲೇಖಕರು ಯಾವ ಸಭೆಯಲ್ಲಿ ಏನು ಹೇಳಿದರು ಎಂಬ ಮಾತನ್ನು ಪಡಸಾಲೆಯ ಹೊರಗೆ ಬಿಟ್ಟು ಬರಬೇಕು. ಒಳಗೆ ಪುಟದ ಮೇಲಿರುವುದರ ಬಗ್ಗೆ ಮಾತ್ರ ಮಾತು. ಈ ನಿಯಮದಿಂದ ಇಬ್ಬರು ಗುಂಪು ಬಿಟ್ಟರು, ಉಳಿದವರ ಸ್ನೇಹ ಗಟ್ಟಿಯಾಯಿತು. ಪತ್ರಿಕೆಯೂ ಇಷ್ಟು ಕಟ್ಟುನಿಟ್ಟು ಇಟ್ಟುಕೊಂಡರೆ ಅಂಕಣ ಬಾಳುತ್ತದೆ.

ಇದಕ್ಕೆ ಗ್ರಂಥಾಲಯಗಳೇ ಇವೆಯಲ್ಲ ಎಂದು ತಾವು ಕೇಳಬಹುದು. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರದು. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನು ನಾವೆಲ್ಲ ಕಟ್ಟುತ್ತಲೇ ಇದ್ದೇವೆ. ಹಳ್ಳಿಗಳ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿವೆ, ಕೆಲವು ಕಡೆ ಬಹಳ ಚೆನ್ನಾಗಿಯೂ ನಡೆಯುತ್ತಿವೆ. ಆದರೆ ನಾನು ಹೋಗುವ ಒಂದು ಗ್ರಂಥಾಲಯದಲ್ಲಿ ಕಾದಂಬರಿಗಳ ಬೀರುವಿಗೆ ಬೀಗ ಹಾಕಿದೆ; ಗಾಜಿನ ಆಚೆ ಬೆನ್ನುಪಟ್ಟಿಗಳು ಕಾಣುತ್ತವೆ, ಬೀಗದ ಕೈ ಇಟ್ಟುಕೊಂಡವರು ಮೂರು ಸಲ ಹೋದಾಗಲೂ ರಜೆಯ ಮೇಲಿದ್ದರು. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು 1931ರಲ್ಲಿಯೇ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಹೇಳಿದ್ದರು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಎಂಬುದು ಅವುಗಳಲ್ಲಿ ಎರಡು. ಬೀಗ ಹಾಕಿದ ಬೀರುವಿನ ಒಳಗಿನ ಪುಸ್ತಕಕ್ಕೆ ಓದುಗ ಸಿಗಬೇಕಾದರೆ, ಅದನ್ನು ಕೇಳಿಕೊಂಡು ಯಾರಾದರೂ ಬರಬೇಕು. ಕೇಳಿಕೊಂಡು ಬರಬೇಕಾದರೆ, ಅದರ ಹೆಸರನ್ನು ಯಾರಾದರೂ ಅಕ್ಕರೆಯಿಂದ ಹೇಳಿರಬೇಕು. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಓದುಗರ ಮನೆ ಬಾಗಿಲಿಗೆ ಮುಟ್ಟಿಸಿದ ನಾಡು ಇದು. ಅಂಚೆಯವನಾಗಿ ನನಗೆ ಅವರ ಮೇಲೆ ಬೇರೆಯೇ ಒಂದು ಗೌರವ.

ಆದ್ದರಿಂದ ತಾವು ನೂರೈವತ್ತು ಪದಗಳ ಮಿತಿ ಇಡಿ. ಕಾದಂಬರಿ ಹೊಸದೇ ಆಗಿರಬೇಕು ಎಂ‌ಬ ಷರತ್ತು ಬೇಡ. ಬರೆಯುವವರು ಉಪನ್ಯಾಸಕರೋ ಲೇಖಕರೋ ಆಗಿರಬೇಕೆಂಬುದಂತೂ ಬೇಡವೇ ಬೇಡ. ಪ್ರತಿ ವಾರ ಒಬ್ಬ ಓದುಗರ ಪ್ರಶ್ನೆ ಇರಲಿ: ನಾನು ಇಂಥವನು, ಇಂಥ ಪುಸ್ತಕ ಓದಿ ಮುಗಿಸಿದೆ, ಮುಂದೆ ಏನು? ಮರುವಾರ ಬೇರೆ ಬೇರೆ ಊರುಗಳ ಓದುಗರು ಕೊಟ್ಟ ಉತ್ತರಗಳು ಬರಲಿ, ಪ್ರತಿ ಉತ್ತರದಲ್ಲೂ ಕಾರಣ ಇರಲಿ. ಮಂಗಳೂರಿನವರು ಹೇಳಿದ್ದನ್ನು ಕಲಬುರಗಿಯವರು ಓದಲಿ, ಮುಂಬಯಿಯ ಕನ್ನಡಿಗರು ಹೇಳಿದ್ದನ್ನು ನಾವು ಓದುತ್ತೇವೆ. ಮೊದಲ ಆರು ವಾರಕ್ಕೆ ಬೇಕಾಗುವಷ್ಟು ಬರಹವನ್ನು ನಮ್ಮ ಪುಸ್ತಕಗಳ ಹಿಂಬದಿಯ ಹಾಳೆಗಳಿಂದಲೇ ನಕಲು ಮಾಡಿ ಕಳುಹಿಸಲು ನಮ್ಮ ಗುಂಪು ಸಿದ್ಧವಿದೆ, ಪ್ರತಿಫಲ ಬೇಡ.

ಮೊದಲ ಪ್ರಶ್ನೆಯನ್ನೂ ಈ ಪತ್ರದಲ್ಲಿಯೇ ಕೇಳಿಬಿಡುತ್ತೇನೆ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ನಮ್ಮ ಸದಸ್ಯರು ವಿವೇಕ ಶಾನಭಾಗ ಅವರ ‘ಘಾಚರ್ ಘೋಚರ್’ ಓದಿದರು. ಕೈಗೆ ದುಡ್ಡು ಬಂದ ಮೇಲೆ ಒಂದು ಮನೆಯೊಳಗಿನ ಮಾತು ಹೇಗೆ ಬದಲಾಗುತ್ತದೆ ಎಂಬುದನ್ನು ಅಷ್ಟು ಚಿಕ್ಕ ಪುಸ್ತಕದಲ್ಲಿ ಕಂಡು ಬೆರಗಾಗಿದ್ದಾರೆ. ಮನೆಯೊಳಗಿನ ದುಡ್ಡು ಓದಿದ್ದಾಯಿತು, ಈಗ ದುಡ್ಡು ಹುಟ್ಟುವ ಜಾಗದ ಕಾದಂಬರಿ ಬೇಕು ಎನ್ನುತ್ತಾರೆ. ಹರಾಜಿನ ದಿನದ ಗದ್ದಲ, ದಲ್ಲಾಳಿ, ಹಮಾಲರು, ತೂಕದ ಕಟ್ಟೆಯ ಮುಂದೆ ಚೀಲಗಳ ಜೊತೆ ಬೆಳಗಿನಿಂದ ಕಾದು ಕುಳಿತ ರೈತ, ಸಂಜೆ ಮಾರಾಟದ ಲೆಕ್ಕದ ಪಟ್ಟಿ ಕೈಗೆ ಬಂದಾಗ ಅವನ ಮುಖ, ಇವನ್ನು ಒಳಗಿನಿಂದ ಬಲ್ಲವರು ಬರೆದ ಕನ್ನಡ ಕಾದಂಬರಿ ಯಾವುದು ಎಂದು ಮೂರು ತಿಂಗಳಿಂದ ಕೇಳುತ್ತಿದ್ದಾರೆ. ನಾವು ಕೊಟ್ಟ ಎರಡು ಪುಸ್ತಕಗಳನ್ನು ಓದಿ, ‘ಇದು ಮಂಡಿಗೆ ಹೊರಗಿಂದ ಬಂದು ಹೋದವರು ಬರೆದದ್ದು’ ಎಂದು ಹಿಂದಿರುಗಿಸಿದರು. ತಮ್ಮ ಓದುಗರಲ್ಲಿ ಬಲ್ಲವರು ಇದ್ದೇ ಇರುತ್ತಾರೆ, ಹೆಸರು ತಿಳಿಸಿದರೆ ಬರುವ ಎರಡನೆಯ ಭಾನುವಾರದೊಳಗೆ ತರಿಸಿಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅಂಚೆ ನೌಕರ, ತಿಪಟೂರು